ಪ್ರತಿಕ್ರಿಯೆ: ಡ್ರಿಪ್ ಪಟ್ಟಿಯ ಕೆಳಗಿನ ಕಪ್ಪು ಕಲೆ

ರಕ್ತದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವ ನಿಮ್ಮ ತಂದೆಯವರ ಮುಂಗೈಯಲ್ಲಿ, ಡ್ರಿಪ್ ಸೂಜಿಯ ಅಂಟುಪಟ್ಟಿಯ ಕೆಳಗೆ ಬೂಷ್ಟಿನ ಸೋಂಕು ಹೇಗೆ ಬಂತೆಂದು ಕೇಳಿದ್ದೀರಿ. ಮಣ್ಣು, ಧೂಳು, ಗಾಳಿಗಳಲ್ಲೆಲ್ಲ ಇರುವ ಆಸ್ಪರ್ಜಿಲಸ್, ರೈಜೋಪಸ್‌ನಂಥ ಶಿಲೀಂಧ್ರಗಳ ಬೀಜಕಣಗಳು ನಮ್ಮೆಲ್ಲರ ಮೈಮೇಲೂ ಕೂರುತ್ತವೆ. ಗಾಯವಿಲ್ಲದ ಚರ್ಮ ಅವನ್ನು ಹೊರಗೇ ತಡೆಯುತ್ತದೆ, ಒಳನುಸುಳಿದವನ್ನು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕೊಲ್ಲುತ್ತವೆ. ಕೀಮೋದಿಂದ ಆ ಕಣಗಳ ಸಂಖ್ಯೆ ಕುಸಿದಾಗ ಸೂಜಿಯ ಸಣ್ಣ ಗಾಯ, ಪಟ್ಟಿಯಡಿಯ ತೇವ ಇಷ್ಟೇ ಸಾಕಾಗುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಅಂಟುಪಟ್ಟಿಯಲ್ಲೇ ರೈಜೋಪಸ್ ಪತ್ತೆಯಾಗಿತ್ತು. ಶಿಲೀಂಧ್ರದ ಎಳೆಗಳು ರಕ್ತನಾಳದೊಳಗೆ ಹೊಕ್ಕು ಹರಿವನ್ನೇ ಕಟ್ಟಿಬಿಡುವುದರಿಂದ, ಕೆಂಪಗೆ ಊದಿದ ಜಾಗ ನಡುವಿನಿಂದ ಕಪ್ಪಾಗುತ್ತದೆ. ಇದು ನಿಮ್ಮ ಆರೈಕೆಯ ಲೋಪವೆಂದು ದಯವಿಟ್ಟು ಭಾವಿಸಬೇಡಿ. ಸೋಂಕು ಶ್ವಾಸಕೋಶದಿಂದ ರಕ್ತದ ಮೂಲಕ ಚರ್ಮಕ್ಕೆ ಬರುವುದೂ ಉಂಟಾದ್ದರಿಂದ, ವೈದ್ಯರು ಹೇಳಿದ ಬಯಾಪ್ಸಿ ಮತ್ತು ಎದೆಯ ಸ್ಕ್ಯಾನ್ ಎರಡನ್ನೂ ಒಂದು ದಿನವೂ ಮುಂದೂಡಬೇಡಿ.