ಯಾತ್ರಿಕನ ಅಂಗಾಲು

ಕ್ರೈಸ್ತರಲ್ಲದವರ ಮನಸ್ಸಿಗೂ ಯುರೋಪಿನ ಬರೋಕ್ ಕಾಲದ, ಅಂದರೆ ಹದಿನೇಳನೆಯ ಶತಮಾನದ ಆಸುಪಾಸಿನ, ಧಾರ್ಮಿಕ ಚಿತ್ರವೊಂದು ನಾಟಬಹುದೇ ಎಂದು ತಾವು ಕೇಳಿದ್ದೀರಿ. ನನಗೆ ನಾಟಿದೆ. ರೋಮ್ ನಗರದ ಸಂತ ಅಗಸ್ಟೀನರ ಚರ್ಚಿನಲ್ಲಿ, ಒಳಹೊಕ್ಕೊಡನೆ ಎಡಗಡೆ ಸಿಗುವ, ಚಿಕ್ಕ ಪ್ರಾರ್ಥನಾಗೃಹದಂಥ ಮೊದಲ ಚಾಪೆಲ್‌ನಲ್ಲಿರುವ ‘ಲೊರೆಟೊದ ಮಾತೆ’ಯೇ ಆ ಚಿತ್ರ. ಇಟಲಿಯ ಚಿತ್ರಕಾರ ಕ್ಯಾರವಾಜಿಯೊ ಅದನ್ನು ಬರೆದದ್ದು ಸುಮಾರು 1604–06ರಲ್ಲಿ.

ಯೇಸುವಿನ ಮಾತೆ ಮರಿಯಳು ನಜರೇತ್ ಊರಿನಲ್ಲಿ ಬಾಳಿದ ಮನೆಯನ್ನು ದೇವದೂತರು ಹೊತ್ತು ತಂದು ಇಟಲಿಯ ಲೊರೆಟೊದಲ್ಲಿ ಇಳಿಸಿದರೆಂಬುದು ಭಕ್ತರ ನಂಬಿಕೆ. ಆದ್ದರಿಂದ ಆಕಾಶದಲ್ಲಿ ತೇಲುವ ಮನೆಯನ್ನೂ ಅದರ ಮೇಲೆ ಕುಳಿತ ಮಾತೆಯನ್ನೂ ಬರೆಯುವುದು ರೂಢಿಯಾಗಿತ್ತು. ಕ್ಯಾರವಾಜಿಯೊ ದೇವದೂತರನ್ನೂ ಆಕಾಶವನ್ನೂ ಕೈಬಿಟ್ಟ. ಗಾರೆ ಉದುರಿ ಇಟ್ಟಿಗೆ ಕಾಣುವ ಗೋಡೆ, ಕಲ್ಲಿನ ಬಾಗಿಲುವಾಡ, ಹೊಸ್ತಿಲ ಮೇಲೆ ಬರಿಗಾಲಲ್ಲಿ ನಿಂತು ಬೆಳೆದ ಕೂಸನ್ನು ಎತ್ತಿಕೊಂಡಿರುವ ತಾಯಿ, ಎದುರಿಗೆ ಮೊಣಕಾಲೂರಿ ಕೈಮುಗಿದ ಇಬ್ಬರು ಬಡ ಮುದುಕರು: ಇಷ್ಟೇ ಉಳಿದದ್ದು. ಎಳೆಯಷ್ಟು ತೆಳುವಾದ ಪ್ರಭೆಯೊಂದು ತಾಯಿಯ ತಲೆಯ ಸುತ್ತ ಇಲ್ಲದಿದ್ದರೆ, ಯಾರೋ ಕರೆದರೆಂದು ಮನೆಗೆಲಸ ಬಿಟ್ಟು ಬಾಗಿಲಿಗೆ ಬಂದ ಹೆಂಗಸೆಂದೇ ಆಕೆಯನ್ನು ಭಾವಿಸಬೇಕು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಆ ಮುದುಕನ ಅಂಗಾಲು. ದಾರಿಯ ಧೂಳೆಲ್ಲ ಮೆತ್ತಿಕೊಂಡು ಕಪ್ಪಾದ ಆ ಪಾದಗಳು ಚಿತ್ರದ ಕೆಳಭಾಗದಲ್ಲಿ, ಪೂಜೆ ನಡೆಯುವ ಬಲಿಪೀಠದ ಸ್ವಲ್ಪವೇ ಮೇಲೆ, ನೋಡುವವರ ಕಣ್ಣಿನ ಮಟ್ಟಕ್ಕೆ ಬರುತ್ತವೆ. ದೇವರ ಕಡೆಗೆ ಕಾಲು ಚಾಚಬಾರದೆಂದು ಕೇಳುತ್ತ ಬೆಳೆದ ನನಗೆ ಮೊದಲ ಕ್ಷಣ ಮುಜುಗರವಾಯಿತು. ಮರುಕ್ಷಣವೇ, ಅವು ದೇವರ ಕಡೆಗಲ್ಲ, ನನ್ನ ಕಡೆಗೆ ತಿರುಗಿವೆ ಎಂಬುದು ಹೊಳೆಯಿತು. ಚಿತ್ರಕಾರ ನನ್ನನ್ನು ಪ್ರೇಕ್ಷಕನಾಗಿ ದೂರ ಇಡದೆ, ದರ್ಶನದ ಸಾಲಿನಲ್ಲಿ ಆ ಇಬ್ಬರ ಬೆನ್ನ ಹಿಂದೆ ನಿಲ್ಲಿಸಿದ್ದ. ಮುಖಗಳಿಗಿಂತ ಬಾಗಿದ ಬೆನ್ನು, ಊರುಗೋಲು, ಪಾದಗಳೇ ಮೊದಲು ಕಾಣುವ ಆ ಜಾಗ ಗುಡಿಯಲ್ಲಿ ಸಾಲು ನಿಂತ ಯಾರಿಗೂ ಅಪರಿಚಿತವಲ್ಲ.

ಅಂದಿನ ರೋಮಿನಲ್ಲಿ ಯಾತ್ರಿಕರ ಕಾಲು ತೊಳೆಯುವುದನ್ನೇ ಸೇವೆಯೆಂದು ಭಾವಿಸಿದ್ದ ಧರ್ಮಸಂಘವೊಂದಿತ್ತು. ಆದರೂ ಕ್ಯಾರವಾಜಿಯೊನ ಪ್ರತಿಸ್ಪರ್ಧಿಯಾಗಿದ್ದ ಚಿತ್ರಕಾರ ಜೊವಾನಿ ಬಾಲ್ಯೋನೆ, 1642ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಮುದುಕನ ಕೆಸರುಗಾಲನ್ನೂ ಮುದುಕಿಯ ಹರಿದ ಕೊಳಕು ಟೋಪಿಯನ್ನೂ ಕಂಡು ಸಾಮಾನ್ಯ ಜನರು ಭಾರೀ ಗದ್ದಲವೆಬ್ಬಿಸಿದರೆಂದು ಬರೆದಿದ್ದಾನೆ. ಆತನ ಮಾತಿನಲ್ಲಿ ತಿರಸ್ಕಾರವಿದೆ. ಆ ಗದ್ದಲವನ್ನು ಕೋಪವೆಂದು ಓದಿದವರೂ ಉಂಟು. ಆ ಪಾದಗಳ ಮುಂದೆ ನಿಂತು ಬಂದ ಮೇಲೆ ನನಗೆ ಹಾಗೆ ಓದಲಾಗುವುದಿಲ್ಲ. ತಮ್ಮಂಥವರ ಕಾಲು ಬಲಿಪೀಠದ ಮೇಲಿರುವುದನ್ನು ಕಂಡ ಜನರು, ನಂಬಲಾರದೆ, ಒಬ್ಬರನ್ನೊಬ್ಬರು ಕರೆದು ತೋರಿಸಿದ ಸದ್ದಿನಂತೆಯೇ ಅದು ಕೇಳಿಸುತ್ತದೆ.