ಬಾಟಲಿ ತುಂಬಿಕೊಂಡೇ ವಾಪಸ್ ಬರುತ್ತದೆ

ಪ್ರಶ್ನೆ: ಮೇಡಂ, ನನ್ನ ಮಗಳು ಏಳನೆಯ ತರಗತಿಯವರೆಗೆ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಓದಿದಳು. ಇಡೀ ಶಾಲೆಗೆ 31 ಮಕ್ಕಳು, ಮೂವರು ಶಿಕ್ಷಕರು. ಪ್ರತಿದಿನ ಪ್ರಾರ್ಥನೆ ಹೇಳಿಸುತ್ತಿದ್ದವಳು ಇವಳೇ. ಜೂನ್‌ನಿಂದ 11 ಕಿಲೋಮೀಟರ್ ದೂರದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾಳೆ. ಎಲ್ಲರೂ ಹೇಳಿದರೆಂದು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು. ಈಗ ಮಾತು ಕಡಿಮೆಯಾಗಿದೆ, ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾಳೆ. ಶಾಲೆ ಶುರುವಾದ ವಾರವೇ ಕೊಟ್ಟ ಗಣಿತ ಪರೀಕ್ಷೆಯಲ್ಲಿ 20ಕ್ಕೆ 6 ಬಂದಿದೆ. ಎಷ್ಟು ಉದಾಸೀನವೆಂದರೆ ನೀರು ಸಹ ಕುಡಿಯುವುದಿಲ್ಲ, ಬಾಟಲಿ ತುಂಬಿಕೊಂಡೇ ವಾಪಸ್ ಬರುತ್ತದೆ. ಟ್ಯೂಷನ್‌ಗೆ ಕಳಿಸಬೇಕೇ? ಕನ್ನಡ ಮಾಧ್ಯಮಕ್ಕೆ ಬದಲಿಸಬೇಕೇ?
— ಒಬ್ಬ ತಾಯಿ, ಸಾಗರ ತಾಲ್ಲೂಕು

ಉತ್ತರ: ತಂಗೀ, ನೀವು ಕೊನೆಯಲ್ಲಿ ಬರೆದ ಬಾಟಲಿಯ ಮಾತಿನಿಂದಲೇ ನಾನು ಶುರು ಮಾಡುತ್ತೇನೆ. ಅದು ಉದಾಸೀನವಾಗಿರಲಾರದು. ಇಂದು ರಾತ್ರಿ ಊಟವಾದ ಮೇಲೆ, ಅಪ್ಪ, ಅಣ್ಣ ಯಾರೂ ಹತ್ತಿರ ಇಲ್ಲದಾಗ, ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿ: ಶಾಲೆಯಲ್ಲಿ ಶೌಚಾಲಯಕ್ಕೆ ಹೋಗುತ್ತೀಯಾ?

ಮಲೆನಾಡಿನ ಹೈಸ್ಕೂಲುಗಳಲ್ಲಿ 29 ವರ್ಷ ಎಂಟನೆಯ ತರಗತಿಗೆ ಗಣಿತ ಹೇಳಿದ್ದೇನೆ. ಒಂದು ವರ್ಷ, ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಮಧ್ಯಾಹ್ನದ ಪೀರಿಯಡ್‌ನಲ್ಲಿ ತಲೆ ಸುತ್ತಿ ಕೂತುಬಿಡುತ್ತಿದ್ದಳು. ತಿಂಡಿ ತಿಂದು ಬರುವುದಿಲ್ಲವೆಂದು ನಾನು ಎರಡು ತಿಂಗಳು ಅವಳನ್ನೇ ಗದರಿದೆ. ಕೊನೆಗೆ ಅವಳ ಗೆಳತಿ ಹೇಳಿದಳು: ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಹಾಗಾಗಿ ಇವಳು ಬೆಳಿಗ್ಗೆ ಏಳರಿಂದ ಸಂಜೆ ಐದೂವರೆಯವರೆಗೆ ನೀರನ್ನೇ ಮುಟ್ಟುವುದಿಲ್ಲ. ಮರುದಿನ ಬಡಗಿಯನ್ನು ಕರೆಸಿ ಚಿಲಕ ಹಾಕಿಸಿದೆವು. ಅರ್ಧ ಗಂಟೆಯ ಕೆಲಸ. ಆ ಎರಡು ತಿಂಗಳ ಗದರಿಕೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಿಮ್ಮ ಮಗಳಿಗೂ ಇದೇ ಕಾರಣವೆಂದು ಇಲ್ಲಿಂದ ಹೇಳಲಾರೆ. ಚಿಲಕವಿಲ್ಲದಿರಬಹುದು, ದೊಡ್ಡ ಹುಡುಗಿಯರು ಸಾಲುಗಟ್ಟಿ ನಿಂತಿರಬಹುದು, ಪೀರಿಯಡ್ ಮಧ್ಯೆ ಎದ್ದು ಕೇಳಲು ಹೆದರಿಕೆ ಇರಬಹುದು. ಮೂತ್ರ ತಡೆದುಕೊಂಡು, ನೀರು ಕುಡಿಯದೆ ಇದ್ದರೆ ಉರಿಮೂತ್ರವಾಗಿ ಕೆಳಹೊಟ್ಟೆ ನೋಯಬಹುದು. ಹಾಗಾಗಿ ಒಮ್ಮೆ ವೈದ್ಯರಿಗೂ ತೋರಿಸಿ. ಮುಟ್ಟಿನ ವಿಷಯವನ್ನು ನೀವೇ ಮೊದಲು ಮಾತಾಡಿ. ಈಗಾಗಲೇ ಶುರುವಾಗಿದ್ದರೂ ಸರಿ, ಆಗದಿದ್ದರೂ ಸರಿ, ಚೀಲದ ಒಳಜೇಬಿನಲ್ಲಿ ಪ್ಯಾಡ್ ಮತ್ತು ಒಂದು ಜೊತೆ ಒಳಉಡುಪು ಇರಲಿ. ಶಾಲೆಯಲ್ಲಿ ಯಾವ ಶಿಕ್ಷಕಿಯನ್ನು ಕೇಳಬೇಕೆಂಬುದು ಅವಳಿಗೆ ಗೊತ್ತಿರಲಿ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಎಂಟನೆಯ ತರಗತಿಯೂ ಪ್ರಾಥಮಿಕ ಹಂತವೇ. ಆದರೆ ನಮ್ಮ ರಾಜ್ಯದಲ್ಲಿ ಬಹಳಷ್ಟು ಮಕ್ಕಳು ಏಳು ಮುಗಿಸಿ ಶಾಲೆ ಬದಲಿಸುತ್ತಾರೆ. ಮೈ ಬದಲಾಗುವ ವಯಸ್ಸಿನಲ್ಲೇ ಬಸ್ಸು, ಗೆಳತಿಯರು, ಮೇಷ್ಟರು ಎಲ್ಲವೂ ಹೊಸದಾಗುವುದು ಚಿಕ್ಕ ಹೊರೆಯಲ್ಲ.

ಇನ್ನು ಆ ಆರು ಅಂಕ. ಜೂನ್‌ನಲ್ಲಿ ಕೊಟ್ಟದ್ದು ಸೇತುಬಂಧದ, ಅಂದರೆ ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಸರಿಪಡಿಸುವ ಪಾಠಗಳ, ಪೂರ್ವ ಪರೀಕ್ಷೆ ಇರಬೇಕು. ಹಿಂದಿನ ತರಗತಿಯದು ಎಷ್ಟು ನೆನಪಿದೆ, ಎಲ್ಲಿಂದ ಪಾಠ ಶುರು ಮಾಡಬೇಕು ಎಂದು ಶಿಕ್ಷಕರು ತಿಳಿದುಕೊಳ್ಳುವುದಕ್ಕಾಗಿ ಕೊಡುವ ಪರೀಕ್ಷೆ ಅದು. ಆ ಅಂಕ ಹಿಡಿದು ಮನೆಯಲ್ಲಿ ಒಂದು ಮಾತೂ ಆಡಬೇಡಿ, ಆಡಿದ್ದರೆ ಹಿಂದಕ್ಕೆ ತೆಗೆದುಕೊಳ್ಳಿ.

ಮಾಧ್ಯಮದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಏಳು ವರ್ಷ ಕನ್ನಡದಲ್ಲಿ ಕಲಿತ ಮಗುವನ್ನು ಎಂಟರಲ್ಲಿ ಒಮ್ಮೆಲೇ ಇಂಗ್ಲಿಷ್‌ಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಂಶ, ಛೇದ ಎಂದು ತಿಳಿದವಳಿಗೆ ಬೋರ್ಡಿನ ಮೇಲೆ ನ್ಯೂಮರೇಟರ್, ಡಿನಾಮಿನೇಟರ್ ಬಂದಾಗ, ಗೊತ್ತಿದ್ದ ಭಿನ್ನರಾಶಿಯೂ ಗೊತ್ತಿಲ್ಲದಂತಾಗುತ್ತದೆ. ಎಂಟರ ಗಣಿತದ ಮೊದಲ ಪಾಠವೇ ಭಾಗಲಬ್ಧ ಸಂಖ್ಯೆಗಳು; ಅಂಶ, ಛೇದ ಬಿಟ್ಟರೆ ಅಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗದು. ಆದರೂ ನಾಳೆಯೇ ಬದಲಿಸಿ ಎನ್ನುವುದಿಲ್ಲ. ಅವಳನ್ನು ಕೇಳಿ. ಅವಳಿಗೆ ಇಂಗ್ಲಿಷ್ ಮಾಧ್ಯಮದಲ್ಲೇ ಇರುವ ಆಸೆ ಇದ್ದರೆ ಒಂದು ದಾರಿಯಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಗಣಿತ, ವಿಜ್ಞಾನದ ಪುಸ್ತಕಗಳು ಎರಡೂ ಮಾಧ್ಯಮದಲ್ಲಿ ಉಚಿತವಾಗಿ ಸಿಗುತ್ತವೆ. ನಾಳೆ ಶಾಲೆಯಲ್ಲಿ ಬರುವ ಪಾಠವನ್ನು ಇಂದು ಮನೆಯಲ್ಲಿ ಕನ್ನಡದಲ್ಲಿ ಓದಲಿ. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯುತ್ತಾ ಹೋಗಲಿ. ದಿನಕ್ಕೆ ಆರೇಳು ಪದ ಸಾಕು. ನೀವೂ ಪಕ್ಕದಲ್ಲಿ ಕೂತು ಕೇಳಿ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಎಡಗಡೆಯ ಪದದ ಅರ್ಥ ಕೇಳಬಹುದಲ್ಲ! ದಸರಾ ರಜೆಯವರೆಗೂ ನೋಡಿ. ಆಗಲೂ ಪುಸ್ತಕ ಕಂಡರೆ ಅಳು ಬರುತ್ತಿದ್ದರೆ, ಯಾರು ಏನೇ ಅನ್ನಲಿ, ಮುಖ್ಯ ಶಿಕ್ಷಕರನ್ನು ಕಂಡು ಕನ್ನಡ ಮಾಧ್ಯಮಕ್ಕೆ ಬದಲಿಸಿ.

ಟ್ಯೂಷನ್ ಬೇಡ. ಈ ಮಳೆಯಲ್ಲಿ ಬಸ್ಸಿನಲ್ಲಿ ನಿಂತು, ನೆನೆದು ಬಂದ ಮಗು ಮತ್ತೆ ಹೊರಗೆ ಹೋಗುವುದು ಬೇಡ. ಬಿಸಿನೀರು ಸ್ನಾನ ಮಾಡಿ, ಒಲೆಯ ಮುಂದೆ ಅರ್ಧ ಗಂಟೆ ಸುಮ್ಮನೆ ಕೂರಲಿ.

ಒಂದು ಕೆಲಸ ಮಾತ್ರ ನೀವು ಈ ವಾರವೇ ಮಾಡಬೇಕು. ಅವಳ ತರಗತಿ ಶಿಕ್ಷಕಿಯನ್ನು ಹೋಗಿ ಕಾಣಿ, ಪೋಷಕರ ಸಭೆಗೆ ಕಾಯಬೇಡಿ. ಹಳೆಯ ಶಾಲೆಯಲ್ಲಿ ಇವಳು ಯಾರ ಮನೆಯ ಮಗು, ಯಾವ ದಿನ ಜ್ವರವಿತ್ತು ಎಂಬುದೂ ಮೇಷ್ಟರಿಗೆ ಗೊತ್ತಿತ್ತು. ಇಲ್ಲಿ ಪೀರಿಯಡ್‌ಗೆ ಒಬ್ಬರು ಬಂದು ಹೋಗುತ್ತಾರೆ, ಹಾಜರಿ ಪುಸ್ತಕದಲ್ಲಿ ಇವಳು ಒಂದು ಕ್ರಮಸಂಖ್ಯೆ. ಶಿಕ್ಷಕರ ತಪ್ಪಲ್ಲ, ಐವತ್ತು ಹೊಸ ಮುಖಗಳನ್ನು ಒಂದು ತಿಂಗಳಲ್ಲಿ ಗುರುತಿಡುವುದು ನನಗೂ ಆಗುತ್ತಿರಲಿಲ್ಲ. ಅಂಕದ ಮಾತೆತ್ತಬೇಡಿ. “ಇವಳು ಅಲ್ಲಿ ಪ್ರಾರ್ಥನೆ ಹೇಳಿಸುತ್ತಿದ್ದಳು, ಇಲ್ಲಿಯೂ ಒಂದು ದಿನ ಅವಕಾಶ ಕೊಡುತ್ತೀರಾ?” ಎಂದು ಕೇಳಿ. ನಾನು ಶಿಕ್ಷಕಿಯಾಗಿದ್ದಾಗ ಯಾವ ತಾಯಿಯಾದರೂ ಹೀಗೆ ಬಂದು ಹೇಳಿದ್ದರೆ ಆ ಮಗುವಿನ ಹೆಸರನ್ನು ನಾನು ಮರೆಯುತ್ತಿರಲಿಲ್ಲ. ಹಿಂತಿರುಗುವಾಗ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲನ್ನೂ ಒಮ್ಮೆ ತಳ್ಳಿ ನೋಡಿ.

ಪ್ರಶ್ನೆ: ಮಗ ಮುಂದಿನ ವರ್ಷ ಎಂಟನೆಯ ತರಗತಿಗೆ ಬೇರೆ ಶಾಲೆ ಸೇರುತ್ತಾನೆ. ಈಗಲೇ ಮಾಡಿಡಬೇಕಾದ ಕೆಲಸವೇನಾದರೂ ಇದೆಯೇ?
— ಒಬ್ಬ ತಂದೆ, ಹಾವೇರಿ

ಉತ್ತರ: ವರ್ಗಾವಣೆ ಪತ್ರ ಕೈಗೆ ಬರುವ ಮೊದಲೇ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನ ಹೆಸರು, ನಿಮ್ಮ ಹೆಸರು, ಜನ್ಮದಿನಾಂಕ ಹೇಗಿವೆ ಎಂದು ನೋಡಿ ಬನ್ನಿ. ಇನಿಷಿಯಲ್ ಹಿಂದೆ ಇದೆಯೋ ಮುಂದೆ ಇದೆಯೋ ಎಂಬುದನ್ನೂ ಆಧಾರ್ ಜೊತೆ ಹೋಲಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಶಾಲೆಯ ದಾಖಲೆಯೇ, ಅಲ್ಲಿ ಅಚ್ಚಾದ ಮೇಲೆ ತಿದ್ದಿಸಲು ಬಹಳ ಅಲೆಯಬೇಕಾಗುತ್ತದೆ. ಮತ್ತೆ, ಏಪ್ರಿಲ್ ರಜೆಯಲ್ಲಿ ಒಂದು ದಿನ ಇಬ್ಬರೂ ಅದೇ ಬಸ್ಸು ಹತ್ತಿ ಹೊಸ ಶಾಲೆಯ ಗೇಟಿನವರೆಗೆ ಹೋಗಿ ಬನ್ನಿ. ಇಳಿಯುವ ನಿಲ್ದಾಣವನ್ನು ಅವನೇ ಗುರುತು ಹಿಡಿಯಲಿ.