ಆಟದಂಗಳ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳಿಗೆ ಹದಿನಾರು ವರ್ಷ, ಪಿಯು ಕಾಲೇಜಿನ ವಾಲಿಬಾಲ್ ತಂಡದಲ್ಲಿ ಸೆಟ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಒದಗಿಸಿಕೊಡುವವಳು. ಎತ್ತರ ಐದಡಿ ಎರಡಿಂಚು. ‘ಲಿಬೆರೊ (ಹಿಂದೆ ನಿಂತು ಚೆಂಡು ಕಾಯುವವಳು) ಆಗು, ಇಲ್ಲವೇ ಆಟ ಬಿಟ್ಟು ಓದಿಕೋ’ ಎಂದು ತರಬೇತುದಾರರು ಹೇಳಿದ್ದಾರೆ. ಅವಳು ಜಪಾನಿನ ತಕೆಶಿತಾ ಎಂಬಾಕೆಯ ಹಳೆಯ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡುತ್ತ ಊಟವನ್ನೂ ಮರೆಯುತ್ತಾಳೆ. ಆಕೆ ನಿಜಕ್ಕೂ ಅಷ್ಟು ಕುಳ್ಳಿಯೇ? ಮಗಳಿಗೆ ಏನು ಹೇಳಲಿ ಮೇಡಂ?
– ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ಹೌದಮ್ಮ, ಯೋಶಿಯೆ ತಕೆಶಿತಾ 159 ಸೆಂಟಿಮೀಟರ್. ನಿಮ್ಮ ಮಗಳಿಗಿಂತ ಅರ್ಧ ಇಂಚು ಹೆಚ್ಚಿರಬಹುದು, ಅಷ್ಟೇ. ಮಹಿಳೆಯರ ನೆಟ್ 2.24 ಮೀಟರ್. ಅಂದರೆ ಆಕೆಯ ನೆತ್ತಿಗೂ ನೆಟ್‌ನ ಅಂಚಿಗೂ ನಡುವೆ ಎರಡಡಿಗೂ ಮೀರಿದ ಅಂತರ.

ಆದರೆ ಮಗಳು ನೋಡುತ್ತಿರುವುದು ಗೆದ್ದ ಪಂದ್ಯಗಳನ್ನೇ ಇರಬೇಕು. ಅದಕ್ಕೆ ಮುಂಚಿನ ಕಥೆಯನ್ನೂ ಹೇಳಿ. 1964ರಲ್ಲಿ ಒಲಿಂಪಿಕ್ಸ್‌ಗೆ ಮಹಿಳಾ ವಾಲಿಬಾಲ್ ಬಂದ ವರ್ಷವೇ ಚಿನ್ನ ಗೆದ್ದ ದೇಶ ಜಪಾನ್. ಅಂಥ ತಂಡ 2000ದ ಸಿಡ್ನಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಬೈಗುಳವೆಲ್ಲ ಕುಳ್ಳಿ ಸೆಟ್ಟರ್ ತಲೆಗೇ ಬಂತು. 2002ರಲ್ಲಿ ಆಕೆ ಎನ್‌ಇಸಿ ಕಂಪನಿಯ ತಂಡ ತೊರೆದು, ಕೆಲಸ ಹುಡುಕಿಕೊಂಡು ಸರ್ಕಾರಿ ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋದಳು. ಅದೇ ವರ್ಷ ಜೆಟಿ ಕಂಪನಿಯ ತಂಡ ಕರೆದುಕೊಂಡದ್ದರಿಂದ ಮತ್ತೆ ಅಂಗಳಕ್ಕೆ ಬಂದಳು. 2006ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿಗೆ ಆರನೇ ಸ್ಥಾನ. ಆದರೂ ಟೂರ್ನಿಯ ಅತ್ಯುತ್ತಮ ಆಟಗಾರ್ತಿ ತಕೆಶಿತಾ! 2012ರ ಲಂಡನ್‌ನಲ್ಲಿ ಎಡಗೈ ತೋರುಬೆರಳು ಮುರಿದಿದ್ದರೂ ಬಾಯಿ ಬಿಡದೆ ಆಡಿ ಕಂಚು ತಂದಳು. ಜಪಾನಿಗೆ 28 ವರ್ಷಗಳ ನಂತರ ಈ ಆಟದಲ್ಲಿ ಬಂದ ಒಲಿಂಪಿಕ್ ಪದಕ ಅದು. ಮರುವರ್ಷ ನಿವೃತ್ತಿ, ಮುಂದೆ ಜಪಾನಿನ ಹಿಮೆಜಿ ನಗರದ ಹೊಸ ತಂಡಕ್ಕೆ ತರಬೇತುದಾರ್ತಿಯಾದಳು. (ಮುರಿದ ಬೆರಳಿನ ಭಾಗವನ್ನು ಮಾತ್ರ ಮಗಳು ಅನುಕರಿಸುವುದು ಬೇಡ.)

ಇನ್ನು ತರಬೇತುದಾರರ ಮಾತು. ಅವರ ಆತಂಕ ಸುಳ್ಳಲ್ಲ. ಸರದಿಯಂತೆ ಜಾಗ ಬದಲಾಗುವುದರಿಂದ ಸೆಟ್ಟರ್ ಆರು ಸ್ಥಾನಗಳಲ್ಲಿ ಮೂರರಲ್ಲಿ ಮುಂದಿನ ಸಾಲಿಗೆ ಬರಲೇಬೇಕು, ಆಗ ಎದುರಾಳಿಗಳು ಅವಳ ತಲೆಯ ಮೇಲಿಂದಲೇ ಹೊಡೆಯುತ್ತಾರೆ. ತಕೆಶಿತಾಳ ಮೇಲೂ ಹೊಡೆದರು. ಜಪಾನ್ ಅದನ್ನು ಮುಚ್ಚಿಡಲಿಲ್ಲ. ಹಿಂದಿನ ಸಾಲಿನವರು ಚೆಂಡನ್ನು ಎತ್ತುವುದನ್ನೇ ಬಲ ಮಾಡಿಕೊಂಡರು. ಆಕೆ ಎಗರಿ ಗಾಳಿಯಲ್ಲೇ ಬೆರಳ ತುದಿಯಿಂದ ಚೆಂಡು ದಾಟಿಸಿ ಕೊಡುತ್ತಿದ್ದಳು. ಚೆಂಡು ಇಳಿಯುವವರೆಗೆ ಕಾಯದ ಕಾರಣ ನೆಟ್ ಬಳಿ ಎಗರಿ ಹೊಡೆತ ತಡೆಯುವ ಎದುರಿನ ಎತ್ತರದ ಬ್ಲಾಕರ್‌ಗಳಿಗೆ ಪಕ್ಕಕ್ಕೆ ಸರಿಯುವಷ್ಟೂ ಸಮಯ ಸಿಗುತ್ತಿರಲಿಲ್ಲ.

ಹಾಗಾಗಿ ಮಗಳನ್ನು ಟೇಪಿನಿಂದ ಅಳೆಯುವುದು ಸಾಕು, ಕೈ ನೋಡಿ. ನೀವೇ ಮಾಡಬಹುದು: ಗೆಳತಿಯೊಬ್ಬಳಿಂದ ಬೇಕೆಂದೇ ಕೆಟ್ಟ ಪಾಸ್ ಕೊಡಿಸಿ, ನೆಟ್‌ನಿಂದ ಮೂರು ಮೀಟರ್ ಆಚೆಗೆ. ಅವಳು ಓಡಿ ಚೆಂಡಿನ ಕೆಳಗೆ ಸೇರುತ್ತಾಳೆಯೇ, ಹಣೆಯ ಮೇಲೆ ಹತ್ತೂ ಬೆರಳಿನಿಂದ ಸದ್ದಿಲ್ಲದೆ, ಚೆಂಡು ಸುತ್ತದಂತೆ, ನೆಟ್‌ನ ತುದಿಯಲ್ಲಿ ನಿಲ್ಲಿಸಿದ ಕೋಲಿನ (ಅಂಟೆನಾ) ವರೆಗೆ ಕಳಿಸುತ್ತಾಳೆಯೇ? ಹತ್ತರಲ್ಲಿ ಏಳು ಹಾಗೆ ಹೋದರೆ ತರಬೇತುದಾರರ ಮುಂದೆ ಹೋಗಿ ಇನ್ನೊಂದು ವರ್ಷ ಕೇಳಿ. ಹೋಗದಿದ್ದರೆ ಲಿಬೆರೊ ಆಗಲಿ. ಹಿಂದಿನ ಸಾಲಿನಲ್ಲಷ್ಟೇ ಆಡುವ ಆ ಕೆಲಸ ಶಿಕ್ಷೆಯೇನಲ್ಲ. ಓದು ಹೇಗೂ ಬೇಕು, ಅದಕ್ಕೆ ಆಟ ಬಿಡಬೇಕೆಂಬ ವಾದ ನನಗೆ ಯಾವತ್ತೂ ಹಿಡಿಸಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹುಡುಗರು ಕಟ್ಟಿದ ನೆಟ್‌ನಲ್ಲೇ ಹುಡುಗಿಯರೂ ಆಡುತ್ತಾರೆ. ತಪ್ಪೇ?
– ನಿವೃತ್ತ ಶಿಕ್ಷಕರು, ರಾಜಾಜಿನಗರ

ಉತ್ತರ: ತಪ್ಪೇ ಸರ್. ಗಂಡಸರ ನೆಟ್ 2.43 ಮೀಟರ್, 19 ಸೆಂಟಿಮೀಟರ್ ಹೆಚ್ಚು. ಅದರಲ್ಲಿ ಹೊಡೆಯಲಾಗದೆ ಹುಡುಗಿಯರು ಚೆಂಡನ್ನು ತಳ್ಳುವ ಅಭ್ಯಾಸ ಮಾಡಿಕೊಳ್ಳುತ್ತಾರೆ, ಆಮೇಲೆ ಬಿಡಿಸುವುದು ಕಷ್ಟ. ಕಂಬಕ್ಕೆ ಇನ್ನೊಂದು ಕೊಕ್ಕೆ ಹಾಕಿಸಿ. ಸಂಜೆ ಐದರಿಂದ ಆರು ಹುಡುಗಿಯರದು ಎಂದು ಪಾರ್ಕಿನ ಫಲಕದಲ್ಲೇ ಬರೆಸಿ, ಇಲ್ಲದಿದ್ದರೆ ಹುಡುಗರು ಬಿಡುವುದಿಲ್ಲ.